ಎಸ್ತೇರ ಅಕ್ಕೋರ ಪ್ರಾರ್ಥನೆ

ಮೊನ್ನೆ ಮುಂಡರಗಿಯ ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಯಾರೋ ಊಟದ ಡಬ್ಬಿ ತೆರೆದರು. ಅಗಸಿ ಹಿಂಡಿಯ, ಅದೇ ಅಗಸೆಬೀಜದ ಚಟ್ನಿಪುಡಿಯ, ವಾಸನೆ ಬಂತು. ರೊಟ್ಟಿ ಮುರಿಯುತ್ತಿದ್ದ ನಾನು ಹಾಗೆಯೇ ಕುಳಿತುಬಿಟ್ಟೆ. ನಾನು ಬಾಯಿ ಮುಚ್ಚಿ ಕುಳಿತದ್ದನ್ನು ನನ್ನ ಜೊತೆಯ ಟೀಚರುಗಳು ಹಿಂದೆಂದೂ ಕಂಡವರಲ್ಲ. "ಏನ್ರಿ ಟೀಚರ, ಆರಾಮ ಇಲ್ಲೇನು?" ಎಂದು ಗಾಬರಿಯಾದರು. ಅವರಿಗೇನು ಹೇಳಲಿ? ನಿಮಗಾದರೆ ಹೇಳಬಹುದು, ನೀವು ನನ್ನ ಗುರುತಿನವರಲ್ಲವಲ್ಲ.

ಬೆಟಗೇರಿಯಲ್ಲಿ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಮಗೆ ಕಲಿಸುತ್ತಿದ್ದವರು ಎಸ್ತೇರ ಅಕ್ಕೋರು. ಕ್ರಿಶ್ಚಿಯನ್ನರು, ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಅಳುವ ಹುಡುಗರ ವಿಷಯದಲ್ಲಿ ಅವರದೊಂದು ರೀತಿ ಇತ್ತು. "ಯಾಕ ಅಳ್ತಿ?" ಎಂದು ಕೇಳುತ್ತಿರಲಿಲ್ಲ. ಮಧ್ಯಾಹ್ನ ತಮ್ಮ ಡಬ್ಬಿ ತಂದು, "ಸರಿಯವಾ ಸ್ವಲ್ಪ" ಎಂದು ಪಕ್ಕದಲ್ಲಿ ಕುಳಿತು ಉಣ್ಣುತ್ತಿದ್ದರು, ಅಷ್ಟೇ. ಅರ್ಧ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿ ಕೈಗಿಡುತ್ತಿದ್ದರು. ಆ ಹಿಂಡಿಯ ಖಾರವೋ, ಅಪ್ಪಾ! ಮೊದಲು ಅಳುತ್ತಿದ್ದದ್ದು ಯಾತಕ್ಕೆಂಬುದೇ ಮರೆತುಹೋಗುತ್ತಿತ್ತು.

ಆ ವರ್ಷ ನಮ್ಮವ್ವ ಮನೆ ಬಿಟ್ಟು ಹೋದಳು. ತವರಿಗೆ ಹೋಗಿರಬೇಕು ಅಂದರು; ಅಲ್ಲಿಯೂ ಇರಲಿಲ್ಲ. ಅಪ್ಪ ಮಗ್ಗದ ಮುಂದೆ ಕುಳಿತವನು ತಲೆ ಎತ್ತಲಿಲ್ಲ. "ಅಕಿ ಹೆಸರ ಇನ್ನ ಈ ಮನ್ಯಾಗ ಯಾರೂ ತಗೀಬ್ಯಾಡ್ರಿ" ಎಂದು ಅಜ್ಜಿ ಹೇಳಿದಳು, ಯಾರೂ ತೆಗೆಯಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಮಂದಿಯ ಬಾಯಿ ಮುಚ್ಚಲಾಗುತ್ತದೆಯೇ? ಓಣಿಗೆಲ್ಲ ಖಬರಾಯಿತು. ಶಾಲೆಯಲ್ಲಿ ಅಕ್ಕೋರಿಗೆ ಮಾತ್ರ ನಾನು, ಅವ್ವನಿಗೆ ಬ್ಯಾನಿ, ಹುಬ್ಬಳ್ಳಿಯ ದವಾಖಾನೆಯಲ್ಲಿದ್ದಾಳೆ ಎಂದೆ. ನೇಕಾರರ ಮಗಳಲ್ಲವೇ, ನೂಲಿಲ್ಲದೆಯೇ ನೇಯ್ದೆ.

ಅಕ್ಕೋರು ಕೇಳಿದರು: "ನಿಮ್ಮವ್ವನ ಹೆಸರೇನವಾ?"

"ಗಿರಿಜವ್ವರಿ."

"ನಾಳೆ ಮುಂಜಾನೆ ಅಕಿ ಸಲುವಾಗಿ ಪ್ರಾರ್ಥನಿ ಮಾಡ್ತೇನಿ."

ನಮಗೆ ಗೊತ್ತಿದ್ದ ಪ್ರಾರ್ಥನೆ ಒಂದೇ: ಗಂಟೆಯಾದ ಮೇಲೆ ಇಡೀ ಶಾಲೆ ಅಂಗಳದಲ್ಲಿ ಸಾಲು ನಿಲ್ಲುವುದು, ನಾಡಗೀತೆ ಹಾಡುವುದು, ಆಮೇಲೆ ಒಬ್ಬರು ನಿಂತು ದಿನದ ಸುದ್ದಿ ಓದುವುದು. ಸುದ್ದಿಯಲ್ಲಿ ನಮ್ಮವ್ವ! ನಮ್ಮ ಓಣಿಯ ಹುಡುಗಿಯರು ಅಲ್ಲೇ ಸಾಲಿನಲ್ಲಿರುತ್ತಾರೆ. "ಸುಳ್ಳ್ರಿ ಅಕ್ಕೋರ, ಅಕಿ ಓಡಿ ಹೋಗ್ಯಾಳ್ರಿ" ಎಂದು ಒಬ್ಬಳು ಕೂಗಿದರೆ ಮುಗಿಯಿತು ನನ್ನ ಕಥೆ.

ಮೂರು ದಿನ ನಾನು ಶಾಲೆಗೆ ಹೋಗಲಿಲ್ಲ. ಪಾಟೀಚೀಲ ಹಿಡಿದು, ನೂಲಿಗೆ ಬಣ್ಣ ಹಾಕುವವರ ಮನೆಯ ಹಿತ್ತಲಲ್ಲಿ ಕುಳಿತೆ. ಸುತ್ತಲೂ ಮಗ್ಗಗಳ ಸಪ್ಪಳ. ಅಷ್ಟು ಸಪ್ಪಳದಲ್ಲಿ ನನ್ನ ಅಳು ನನಗೇ ಕೇಳುತ್ತಿರಲಿಲ್ಲ. ಬಹಳ ಒಂಟಿಯಾಗಿದ್ದೆ, ನಿಜ ಹೇಳಬೇಕೆಂದರೆ.

ನಾಲ್ಕನೆಯ ದಿನ ಅಕ್ಕೋರು ಹುಡುಕಿಕೊಂಡು ಅಲ್ಲಿಗೇ ಬಂದರು. ನಾನು ಕೈ ಮುಗಿದೆ. "ಅಕ್ಕೋರ, ಪ್ರಾರ್ಥನ್ಯಾಗ ನಮ್ಮವ್ವನ ಹೆಸರು ಹೇಳಬ್ಯಾಡ್ರಿ."

ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಖ ಸಣ್ಣದಾಯಿತು. "ಅಯ್ಯ ನನ್ನ ಕೂಸ! ಶಾಲ್ಯಾಗ ಅಲ್ಲವಾ. ನಮ್ಮ ಮನ್ಯಾಗ, ನಾ ಒಬ್ಬಾಕಿನ ಕುಂತು ಮಾಡೇನಿ. ದೇವ್ರು ಮತ್ತೊಬ್ಬರ ಮುಂದ ಹೇಳೂದಿಲ್ಲ ಬಿಡು."

"ನಾ ಸುಳ್ಳ ಹೇಳೀನ್ರಿ. ಅವ್ವಗ ಬ್ಯಾನಿ ಇಲ್ಲ, ಬಿಟ್ಟು ಹೋಗ್ಯಾಳ್ರಿ."

"ಗೊತ್ತೈತವಾ."

"ಮತ್ತ ದೇವ್ರ ಮುಂದ ಏನಂದ್ರಿ?"

"ಹೆಸರ ಹೇಳಿ, ಎಲ್ಲಿದ್ರೂ ಅಕಿನ್ನ ಕಾಯಪಾ, ಮಗಳ ಕಡೆ ಕರಕೊಂಡು ಬಾ ಅಂದೆ."

ಅವ್ವ ಬರಲಿಲ್ಲ. ಮೊದಮೊದಲು ಬಾಗಿಲು ನೋಡಿದೆ. ಆಮೇಲೆ ಅಕ್ಕೋರ ದೇವರ ಮೇಲೆ ಸಿಟ್ಟಾದೆ, ನಮ್ಮ ದೇವರ ಮೇಲಂತೂ ಮೊದಲೇ ಇತ್ತು. ಓದಿದೆ, ನೌಕರಿ ಸಿಕ್ಕಿತು, ಮದುವೆಯಾಯಿತು. ಅವ್ವ ಸತ್ತಿದ್ದಾಳೆ ಎಂದು ಗಂಡನ ಮನೆಯವರಿಗೆ ಹೇಳಿದೆ. ಸತ್ತವರ ಬಗ್ಗೆ ಯಾರೂ ಹೆಚ್ಚು ಕೇಳುವುದಿಲ್ಲ ನೋಡಿ. ಅಕ್ಕೋರ ಮನೆಯ ಕಡೆ ಮಾತ್ರ ಕಾಲು ಹಾಕಲಿಲ್ಲ. ನನ್ನ ಸುಳ್ಳು ಗೊತ್ತಿದ್ದವರು ಅವರೊಬ್ಬರೇ ಅಲ್ಲವೇ?

ಆದರೆ ಆ ವಾಸನೆ ಎರಡು ದಿನ ಬಿಡಲಿಲ್ಲ. ರವಿವಾರ ಗದಗಿನ ಬಸ್ಸು ಹತ್ತಿದೆ. ಬೆಟಗೇರಿಯಲ್ಲಿ ಕೇಳುತ್ತ ಹೋದಾಗ ಎರಡು ಕೋಣೆಯ ಮನೆ ಸಿಕ್ಕಿತು. ಬಾಗಿಲು ತೆರೆದವಳು ಅವರ ತಮ್ಮನ ಮಗಳು. ಅಕ್ಕೋರು ಹಾಸಿಗೆಯಲ್ಲಿದ್ದರು, ಇಷ್ಟೇ ಇಷ್ಟು ಆಗಿದ್ದರು. ನನ್ನ ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ಶಾಲೆ ಹೇಳಿದೆ, ಇಲ್ಲ. ನೇಕಾರರ ಓಣಿ, ನೂಲಿನ ಬಣ್ಣದ ಹಿತ್ತಲು ಎಂದೆ. ಅವರು ಕೈ ಚಾಚಿ ನನ್ನ ಮುಂಗೈ ಹಿಡಿದರು.

"ಗಿರಿಜವ್ವನ ಮಗಳೇನು?"

ತಮ್ಮನ ಮಗಳು ಬೆರಗಾದಳು. "ಗಿರಿಜವ್ವ ಅಂದ್ರ ನಿಮ್ಮ ತಾಯಿ ಏನ್ರಿ? ದಿನಾ ಮುಂಜಾನೆ ಪ್ರಾರ್ಥನ್ಯಾಗ ಆ ಹೆಸರು ತಗೀತಾರ. ನಾವು ಯಾರೋ ಹಳೇ ಸಂಬಂಧಿಕರು ಅಂದ್ಕೊಂಡಿದ್ವಿ."

"ನಿಮ್ಮವ್ವ ಬಂದಳೇನವಾ?" ಎಂದು ಅಕ್ಕೋರು ಕೇಳಿದರು.

ಬಂದಳು ಎನ್ನಬಹುದಿತ್ತು. ಮುದುಕಿ ಖುಷಿಪಡುತ್ತಿದ್ದರು, ನನ್ನ ನಾಲಿಗೆಗಂತೂ ಅದೆಲ್ಲ ರೂಢಿ. ಆದರೆ ಆಗಲಿಲ್ಲ. "ಇಲ್ರಿ ಅಕ್ಕೋರ. ಬರಲಿಲ್ರಿ" ಎಂದೆ, ಎಂದವಳು ಅವರ ಹಾಸಿಗೆಗೆ ತಲೆ ಹಚ್ಚಿ ಅತ್ತೆ.

"ಇರಲಿ ಬಿಡವಾ. ನಾಳೆನೂ ಕೇಳ್ತೇನಿ" ಎಂದರು ಅವರು.

ಮನೆ ಮುಟ್ಟಿದಾಗ ಗಂಡ ಚಹಾ ಕುಡಿಯುತ್ತಿದ್ದರು. ಎದುರಿಗೆ ಕುಳಿತು ಹೇಳಿದೆ: "ನಮ್ಮವ್ವ ಸತ್ತಾಳೋ ಇದ್ದಾಳೋ ನನಗ ಗೊತ್ತಿಲ್ರಿ. ಗಿರಿಜವ್ವ ಅಂತ ಅಕಿ ಹೆಸರು."