ಒಂಟಿಕಾಲಿನ ಪಾಠ

ಮಕ್ಕಳು ಅವರಿಗಿಟ್ಟ ಹೆಸರು ಸಿಡುಕು ಟೀಚರ್. ಸಿಡುಕು ಇದ್ದದ್ದು ನಿಜ, ಆದರೆ ಮೂರನೇ ಕ್ಲಾಸಿನ ಒಂದು ಮಗುವಿನ ಮೇಲೂ ಅವರು ಕೈ ಎತ್ತಿದವರಲ್ಲ. ಚಿಕ್ಕಂದಿನಲ್ಲಿ ಎರಡು ಪಾದಕ್ಕೆ ‘ಫುಟ್ಸ್’ ಎಂದು ಅಂಗೈ ಬಾತುಕೊಳ್ಳುವಂತೆ ಏಟು ತಿಂದಿದ್ದರು. ಆ ಉರಿ ಇನ್ನೂ ಆರಿರಲಿಲ್ಲ. ಇಂಗ್ಲಿಷಿನವರ ಶಬ್ದಗಳು ತಲೆಬುಡವಿಲ್ಲದೆ ಕುಣಿದರೆ ಮಗುವಿನ ಅಂಗೈ ಯಾಕೆ ಊದಬೇಕು?

ಅದಕ್ಕೇ ಅವರ ಪಾಠವೆಲ್ಲ ಮೈಯಲ್ಲೇ. ಒಂದು ಹಲ್ಲು ಮುಟ್ಟಿಕೊಂಡು ‘ಟೂತ್’, ಹಲ್ಲು ಕಿಸಿದು ‘ಟೀತ್’. ಒಬ್ಬ ಎದ್ದು ಕುರಿಯಂತೆ ಅರಚಿದರೂ ‘ಶೀಪ್’, ಇಡೀ ಕ್ಲಾಸು ಅರಚಿದರೂ ‘ಶೀಪ್’. ಒಂಟಿಕಾಲಲ್ಲಿ ನಿಂತು ‘ಫುಟ್’, ಎತ್ತಿದ ಕಾಲನ್ನು ಧಡ್ಡೆಂದು ಊರಿ ‘ಫೀಟ್’.

ಒಬ್ಬ ಹುಡುಗಿಯ ಅಪ್ಪ ವರಾಂಡದ ಕಿಟಕಿಯಲ್ಲಿ ಇಣುಕಿದ್ದು ಸರಿಯಾಗಿ ಒಂಟಿಕಾಲಿನ ಹೊತ್ತಿಗೆ. ಕಾಲು ಊರುವವರೆಗೆ ಕಾಯುವ ವ್ಯವಧಾನ ಆ ಮಹಾನುಭಾವನಿಗೆ ಎಲ್ಲಿಂದ ಬರಬೇಕು! ಮೆಟ್ಟಿಲಿಳಿದು, ಆ ಕ್ಲಾಸಿನ ಕೆಳಗೇ ಇದ್ದ ಹೆಡ್ ಮೇಡಂ ಕೋಣೆಗೆ ನುಗ್ಗಿದ.

ಟೀಚರನ್ನು ಕರೆಸಿದರು. “ಮಕ್ಕಳಿಗೆ ಶಿಕ್ಷೆ ಕೊಟ್ರೆ ಕೆಲಸದಿಂದ ತೆಗೀತೀವಿ ಅಂತ ಹೇಳಿದ್ವಲ್ಲ?” ಎಂದರು ಹೆಡ್ ಮೇಡಂ.

“ಶಿಕ್ಷೆ ಅಲ್ಲ ಮೇಡಂ, ಪಾಠ.”

“ಒಂಟಿಕಾಲಲ್ಲಿ ನಿಲ್ಸೋದು ಪಾಠಾನಾ?” ಅಪ್ಪ ಮೇಜು ಕುಟ್ಟಿದ.

ಹುಡುಗಿಯೂ ಬಂದಳು. “ಒಂಟಿಕಾಲಲ್ಲಿ ನಿಲ್ಲಿಸಿದ್ರಾ, ಪುಟ್ಟಿ?” ಎಂದು ಹೆಡ್ ಮೇಡಂ ಕೇಳಿದರು.

“ಹೂಂ.”

ಮುಗಿಯಿತು ವಿಚಾರಣೆ! ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಯಾವ ಶಿಕ್ಷೆಯಿಂದ ಮಕ್ಕಳನ್ನು ಕಾಪಾಡಿಕೊಂಡು ಬಂದರೋ ಅದರದೇ ಕಳಂಕ ತಮ್ಮ ತಲೆಗೆ, ಅದರ ಮೇಲೆ ಕೆಲಸಕ್ಕೂ ಕುತ್ತು.

“ಆಮೇಲೆ ಏನ್ ಮಾಡ್ಸಿದೆ ಅಂತಾನೂ ಅವಳನ್ನ ಕೇಳಿ ಮೇಡಂ! ಅರ್ಧ ಕೇಳಿ ತೀರ್ಪು ಕೊಡ್ತೀರಲ್ಲ!”

ಕೇಳುವ ಮೊದಲೇ ಹುಡುಗಿ ಒಂದು ಕಾಲೆತ್ತಿ “ಫುಟ್” ಎಂದು, ಧಡ್ಡೆಂದು ಊರಿ “ಫೀಟ್!” ಎಂದು ಕೂಗಿ ನಕ್ಕಳು. ಅಪ್ಪ ಬಾಗಿಲ ಕಡೆ ನೋಡಿದ. ತಪ್ಪಾಯಿತು ಎನ್ನುವ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

“ಆಯ್ತು ಬಿಡಿ, ಕೆಲಸದಲ್ಲಿರಿ. ಇನ್ಮೇಲೆ ಮಕ್ಕಳು ಕೂತ್ಕೊಂಡೇ ಕಲೀಲಿ. ನೋಡಿದೋರು ಏನಂದ್ಕೋತಾರೆ?” ಎಂದರು ಹೆಡ್ ಮೇಡಂ.

ನೋಡಿದವರಂತೆ! ಕಲಿಯುವವರ ಗತಿ ಏನು?

ಮರುದಿನ ಟೀಚರ್ ಮುಖ ಗಂಟಿಕ್ಕಿಕೊಂಡು ಬೋರ್ಡಿನ ಕಡೆ ತಿರುಗಿ ಬರೆದರು. ಹಿಂದೆ ಮಕ್ಕಳು ಕೈಕಟ್ಟಿ ಕೂತಿದ್ದರು.

“ಫುಟ್,” ಎಂದರು. ಯಾರೋ ಕಿಸಕ್ಕೆಂದು ನಕ್ಕರು.

“ಫೀಟ್.”

ಬೆಂಚುಗಳ ಕೆಳಗೆ ಅಷ್ಟೂ ಕಾಲುಗಳು ಒಟ್ಟಿಗೆ ಧಡ್ಡೆಂದು ನೆಲಕ್ಕೆ ಬಿದ್ದವು. ಕೆಳಗಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

ಟೀಚರ್ ತಿರುಗಲಿಲ್ಲ. “ಕೇಳಿಸ್ಲಿಲ್ಲ,” ಎಂದರು. “ಇನ್ನೊಂದ್ಸಲ.”