ಬೀಗಿತ್ತಿ ಕೇಳಿದ ರಕ್ತ

ಆಂಜನಮ್ಮನನ್ನು ಬಟ್ಟೆಯೆಂದು ನೋಡಿದರೆ ಗೋಣಿ ಎನ್ನಬೇಕು. ಮೈಗೆ ಚುಚ್ಚುತ್ತದೆ, ಬಣ್ಣ ಹಿಡಿಯುವುದಿಲ್ಲ, ಎಷ್ಟು ಎಳೆದರೂ ಹರಿಯುವುದಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಮಾರುವ ನಾನು ಇಂಥ ಮಾಲನ್ನು ಮುಟ್ಟುವವನಲ್ಲ. ಆದರೆ ನನ್ನ ಮಗ ಮುರಳಿ ಆಕೆಯ ಮಗಳು ಸುಕನ್ಯಳನ್ನು ಮೆಚ್ಚಿದ; ಜೊತೆಗೆ ಬೀಗಿತ್ತಿಯೂ ಬಂದಳು.

ಹೊರಮಾವಿನಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಆಕೆಯ ಬಾಡಿಗೆ ಮನೆಗಳಿವೆ. ನೀರಿನ ಮೋಟಾರಿನ ಸ್ವಿಚ್ಚು ಆಕೆಯ ಮಂಚದ ಪಕ್ಕದಲ್ಲಿದೆ. ಯಾವ ಬಾಡಿಗೆದಾರ ಎಷ್ಟು ಹೊತ್ತು ಸ್ನಾನ ಮಾಡುತ್ತಾನೆ ಎಂಬುದರಿಂದ ಹಿಡಿದು ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಯಾರು ಹೇಗೆ ಸತ್ತರು ಎಂಬುದರವರೆಗೆ ಎಲ್ಲವೂ ಆಕೆಗೆ ಬೇಕು.

ಹೋದ ವರ್ಷ ಮೊಮ್ಮಗಳು ನಂದಿತಾಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಮಕ್ಕಳಿಗೆ ಬರುವ ಕಿಡ್ನಿ ಕ್ಯಾನ್ಸರ್. ಒಂದು ಕಿಡ್ನಿ ತೆಗೆದರು. ನಮ್ಮ ಮನೆಯಲ್ಲಿ ಆಗಲೇ ತೀರ್ಪಾಗಿತ್ತು: ಇದು ಸೊಸೆ ತಂದ ರಕ್ತ. ಮಗುವಿಗೆ ಏನೇ ಆದರೂ ತಾಯಿಯ ತವರಿನ ಕಡೆಗೆ ಬೆರಳು ತೋರಿಸುವುದು ನಮ್ಮವರಿಗೆ ಗೊತ್ತಿರುವ ಮೊದಲ ಮದ್ದು. ಸುಕನ್ಯ ಮಡಿಲಲ್ಲಿದ್ದ ನಂದಿತಾಳ ತಮ್ಮನನ್ನು, ಎಳೆಯ ಗಂಡುಕೂಸನ್ನು, ತಟ್ಟಿ ಮಲಗಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು.

“ನಮ್ಮ ಕಡೆ ಯಾರಿಗೂ ಇಲ್ಲ,” ಎಂದೆ. “ಅವ್ರ ಕಡೆ ಕೇಳಿ.”

“ನೀವು ಕೆ.ಆರ್. ಪುರದಲ್ಲಿದ್ದಾಗ ನಿಮ್ಮ ತಮ್ಮ ಕೂಸಲ್ಲೇ ಹೊಟ್ಟೆ ಊದ್ಕೊಂಡು ಹೋಗ್ಲಿಲ್ವಾ ಬೀಗ್ರೇ?” ಗೋಡೆಗೊರಗಿ ನಿಂತಿದ್ದ ಆಂಜನಮ್ಮ ಕೇಳಿದಳು.

“ಅದು ದೃಷ್ಟಿ ಆಗಿದ್ದು.”

“ಹ್ಞೂಂ, ಉಚ್ಚೇಲಿ ರಕ್ತ ಬರೋ ದೃಷ್ಟಿ. ನಮ್ಮತ್ತೆ ಕಣ್ಣಾರೆ ನೋಡಿದ್ರು.”

“ಸತ್ತ ಕೂಸಿನ ಮಾತು ಯಾರಾದ್ರೂ ಎತ್ತುತಾರೇನ್ರೀ?”

“ಬದುಕಿರೋ ಕೂಸೊಂದಿದೆ, ಅದಕ್ಕೆ ಎತ್ತಿದೆ. ನನ್ನ ಮಗಳ ರಕ್ತ ತಗೊಳ್ಳಿ ಡಾಕ್ಟ್ರೇ, ಈ ಅಪ್ಪ ಮಗಂದೂ ತಗೊಳ್ಳಿ. ಸಾಹುಕಾರ್ರು ಹೆದರ್ಕೋತಾರೆ, ಸಣ್ಣ ಸೂಜಿ ಹಾಕಿ.”

ಪಕ್ಕದಲ್ಲಿದ್ದ ನರ್ಸು ನಕ್ಕಳು. ಎಳೆಯದರಲ್ಲೇ ಹೋದ ಮಕ್ಕಳ ಹೆಸರನ್ನು ಮಣ್ಣು ಮಾಡಿದ ಮೇಲೆ ಎತ್ತುವ ರೂಢಿ ನಮ್ಮಲ್ಲಿಲ್ಲ. ನನ್ನ ಸ್ವಂತ ಮಗನಿಗೂ ತನಗೊಬ್ಬ ಚಿಕ್ಕಪ್ಪನಿದ್ದ ಎಂದು ಗೊತ್ತಾದದ್ದು ಅಲ್ಲೇ, ತನ್ನ ಅತ್ತೆ ಆಂಜನಮ್ಮನ ಬಾಯಿಂದ.

“ಈ ಕಾಯಿಲೆ ಬಹುಪಾಲು ಮನೆತನದಿಂದ ಬರಲ್ಲ,” ಎಂದರು ಡಾಕ್ಟರು. “ಕೆಲವ್ರಲ್ಲಿ ಮಾತ್ರ ಒಂದು ಜೀನ್‌ನ ಬದಲಾವಣೆ ತಲೆಮಾರಿಂದ ತಲೆಮಾರಿಗೆ ಬರುತ್ತೆ. ಅದಿದ್ದೋರಿಗೆಲ್ಲ ಗಡ್ಡೆ ಆಗಲ್ಲ. ಆದ್ರೆ ಕೂಸಿಗೆ ಇದ್ರೆ ಮೂರ್ಮೂರು ತಿಂಗಳಿಗೆ ಸ್ಕ್ಯಾನ್ ಮಾಡ್ಲೇಬೇಕು.”

ರಕ್ತ ಕೊಟ್ಟೆವು. ಸುಕನ್ಯಳಲ್ಲಿ ಏನೂ ಇರಲಿಲ್ಲ. ನಂದಿತಾಳಲ್ಲಿ ಇತ್ತು, ಕೂಸಿನಲ್ಲಿ ಇತ್ತು, ಮುರಳಿಯಲ್ಲಿ ಇತ್ತು, ನನ್ನಲ್ಲೂ ಇತ್ತು. ತಮ್ಮನನ್ನು ಕೊಂಡೊಯ್ದದ್ದು ನನ್ನೊಳಗೆ ಈ ವಯಸ್ಸಿನವರೆಗೂ ತಣ್ಣಗೆ ಕುಳಿತಿತ್ತು. ಒಳಗೆ ಎಳೆ ಬಿಟ್ಟಿದ್ದ ಬಟ್ಟೆಯ ಥಾನಿಗೆ ನಾನು ಮಗನ ಮದುವೆಯ ದಿನ ಗ್ಯಾರಂಟಿ ಕೊಟ್ಟಿದ್ದೆ.

ಆಂಜನಮ್ಮ ಸುದ್ದಿಯನ್ನು ಮೋಟಾರಿನ ನೀರಿನಂತೆ ಮನೆಮನೆಗೆ ಬಿಟ್ಟಳು. “ಬೀಗ್ರು ಭಾರೀ ಮನೆತನದೋರು, ರಕ್ತದಲ್ಲೇ ಇದೆ,” ಎಂದು ನನ್ನೆದುರಿಗೇ ಹೇಳುತ್ತಾಳೆ. ಮುರಳಿ ಅಂಗಡಿಯ ನೆಪ ಹೇಳಿದ ದಿನ ಕೂಸನ್ನು ಎತ್ತಿಕೊಂಡು ಆಟೋ ಹತ್ತಿ ಸ್ಕ್ಯಾನಿಗೆ ಹೋದವಳೂ ಅವಳೇ. ಆ ಸಲವೇ ಅವನ ಒಂದು ಕಿಡ್ನಿಯಲ್ಲಿ ಅವರೆಕಾಳಿನಷ್ಟು ಗಡ್ಡೆ ಸಿಕ್ಕಿತು. ಔಷಧಿ ಕೊಟ್ಟು, ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ ತೆಗೆದರು.

ಈಗಲೂ ಆಕೆ ಬಂದರೆ ನಾನು ಅಂಗಡಿಗೆ ಹೊರಡುತ್ತೇನೆ. ಮೊಮ್ಮಗನ ಎರಡೂ ಕಿಡ್ನಿ ಅವನಲ್ಲೇ ಇವೆ. ಅದಕ್ಕೆ ನಾನು ಆಂಜನಮ್ಮನಿಗೆ ಋಣಿ.