ಮೇವು ಕೇಳಲು ಬಂದವನು

ಮಟಮಟ ಮಧ್ಯಾಹ್ನ ಯಾರೋ ನಮ್ಮ ಬಾಗಿಲು ಬಡಿದರು. ಅವ್ವ ಒಂದು ಕೈಯಿಂದ ನನ್ನ ಬಾಯಿ ಮುಚ್ಚಿ, ಇನ್ನೊಂದು ಮುಷ್ಟಿಯಲ್ಲಿ ಖಾರಪುಡಿ ಹಿಡಿದು ಬಾಗಿಲ ಹಿಂದೆ ನಿಂತಳು.

ಅದು ನಲವತ್ತೆಂಟರ ಬೇಸಿಗೆ. ನಿಜಾಮನ ಪರ ನಿಂತ ರಜಾಕಾರರ ಹೆದರಿಕೆಗೆ ಅಫಜಲಪುರದ ಕಡೆಯ ನಮ್ಮೂರಿನ ಅರ್ಧ ಜನ ಭೀಮೆ ದಾಟಿ ಹೋಗಿದ್ದರು. ಅವರು ಬಿಟ್ಟುಹೋದ ದನಗಳನ್ನು ಮಠದ ಅಂಗಳದಲ್ಲಿ ಕಟ್ಟಿ, ಉಳಿದವರು ಮನೆಗೊಂದು ಕಟ್ಟು ಜೋಳದ ಕಣಿಕೆ ಕೊಟ್ಟು ಸಾಕುತ್ತಿದ್ದೆವು. ಮೂರು ದಿನದಿಂದ ಯಾರೂ ಹೊರಬಿದ್ದಿರಲಿಲ್ಲ.

ಮತ್ತೆ ಬಡಿತ. “ನಾ ಗಾದಿ ಹೊಲಿಯೋ ಹುಸೇನ್ರಿ, ಅಕ್ಕಾರ. ಮಠದಾಗ ದನ ಹಸದು ಒದರಾಕತ್ತಾವ. ನೀವು ಹೊರಗ ಬರಬ್ಯಾಡ್ರಿ, ಮೇವು ಕೊಡ್ರಿ ಸಾಕು. ನನಗ ಯಾರೂ ತಡಿಯಂಗಿಲ್ಲ.”

ಅವ್ವ ಬಾಗಿಲು ಅರ್ಧ ತೆರೆದಳು. ಅವನ ತಲೆಯ ಮೇಲೆ ಆಗಲೇ ಎರಡು ಕಟ್ಟು ಇದ್ದವು. ನಮ್ಮ ಕಟ್ಟನ್ನು ಅವಳು ಒಂದೇ ಕೈಯಿಂದ ಹೊರಗೆ ನೂಕಿದಳು. ಬಿಗಿದ ಇನ್ನೊಂದು ಮುಷ್ಟಿಯನ್ನು ಅವನು ನೋಡಿದ, ಕಟ್ಟನ್ನು ತಲೆಗೇರಿಸಿ ಮಠದ ಕಡೆ ನಡೆದ.

ಬೆವರಿಗೆ ಖಾರ ಹತ್ತಿ ಅವ್ವನ ಅಂಗೈ ಎರಡು ದಿನ ಉರಿಯಿತು. ಕೇಳಿದವರಿಗೆಲ್ಲ ಅಡುಗೆ ಮಾಡುವಾಗ ತಾಗಿತು ಎಂದಳು. ಮರುದಿನ ಹುಸೇನ ಬಂದಾಗ ಬಡಿಯುವ ಕೆಲಸ ಬೀಳಲಿಲ್ಲ. ಬಾಗಿಲು ತೆರೆದೇ ಇತ್ತು.